ಅಲ್ಟ್ರಾಸೌಂಡ್‌ನಿಂದ ಕಣ ಕಟ್ಟಿ ಬೆಳಕಿನಲ್ಲಿ ಪರೀಕ್ಷಿಸಿದ ಅನುಭವ

ನೀರಿನಲ್ಲಿ ಸೇರಿಕೊಂಡ ಬಣ್ಣಗಳನ್ನೂ ಫೀನಾಲ್‌ನಂಥ ವಿಷಗಳನ್ನೂ ಬೆಳಕಿನ ಬಲದಿಂದ ಒಡೆಯಲು ನಾನು ಸತುವಿನ ಆಕ್ಸೈಡ್‌ನ ನ್ಯಾನೊಕಣಗಳನ್ನು ಅಲ್ಟ್ರಾಸೌಂಡ್ ಬಳಸಿ ತಯಾರಿಸುತ್ತೇನೆ. ಇದಕ್ಕೆ ಕುಲುಮೆಯೂ ಬೇಡ, ಅಧಿಕ ಒತ್ತಡ ತಡೆಯುವ ಪಾತ್ರೆಯೂ ಬೇಡ. ಸತುವಿನ ಅಸಿಟೇಟ್ ದ್ರಾವಣದಲ್ಲಿ ಟೈಟಾನಿಯಂ ಕಡ್ಡಿಯ ತುದಿಯನ್ನು ಮುಳುಗಿಸಿ, ಅದನ್ನು ಸೆಕೆಂಡಿಗೆ 20,000 ಬಾರಿ ಕಂಪಿಸುವಂತೆ ಮಾಡಿ, ಸೋಡಿಯಂ ಹೈಡ್ರಾಕ್ಸೈಡ್ ಅನ್ನು ಹನಿಹನಿಯಾಗಿ ಬಿಡುತ್ತೇನೆ. ತಿಳಿಯಾಗಿದ್ದ ದ್ರಾವಣ ನೋಡುತ್ತಿದ್ದಂತೆಯೇ ಹಾಲಿನ ಬಣ್ಣಕ್ಕೆ ತಿರುಗುತ್ತದೆ.

ಈ ಕಂಪನದಿಂದ ದ್ರವದೊಳಗೆ ಸೂಕ್ಷ್ಮ ಗುಳ್ಳೆಗಳು ಹುಟ್ಟಿ, ಹಿಗ್ಗಿ, ಥಟ್ಟನೆ ಕುಸಿಯುತ್ತವೆ. ಕುಸಿಯುವ ಗುಳ್ಳೆಯೊಳಗೆ ಕ್ಷಣದ ಒಂದು ಅಲ್ಪ ಭಾಗದಷ್ಟು ಕಾಲ ಉಷ್ಣತೆ ಸುಮಾರು 5,000 ಕೆಲ್ವಿನ್ ಮುಟ್ಟುತ್ತದೆ. ಒತ್ತಡ ವಾತಾವರಣದ ಒತ್ತಡದ ನೂರಾರು ಪಟ್ಟು ಏರುತ್ತದೆ. ಬೀಕರ್‌ನಲ್ಲಿರುವ ಉಳಿದ ದ್ರವ ಮಾತ್ರ ತಣ್ಣಗೇ ಇರುತ್ತದೆ. ಈ ವಿಧಾನದ ಬಗ್ಗೆ ನನಗಿರುವ ಬೆರಗು ಇಂದಿಗೂ ಕಡಿಮೆಯಾಗಿಲ್ಲ. ಕುಸಿತದಿಂದ ಹೊಮ್ಮುವ ಆಘಾತ ತರಂಗಗಳು ಮುದ್ದೆಗಟ್ಟುವ ಕಣಗಳನ್ನು ಚದುರಿಸುವುದರಿಂದ ಕಣಗಳು ಸಣ್ಣದಾಗಿಯೇ ಉಳಿಯುತ್ತವೆ.

ದ್ರವವನ್ನು ಬಿಸಿ ಮಾಡಿದರೆ ಕೆಲಸ ಬೇಗ ಆಗುತ್ತದೆ ಎಂದು ಹಲವರು ಭಾವಿಸುತ್ತಾರೆ. ಗುಳ್ಳೆಗಳ ವಿಷಯದಲ್ಲಿ ಇದು ತಿರುಗುಮುರುಗು. ಬಿಸಿ ದ್ರವದಲ್ಲಿ ಗುಳ್ಳೆಯೊಳಗೆ ಆವಿ ಹೆಚ್ಚು ತುಂಬಿಕೊಂಡು ಕುಸಿತದ ರಭಸ ತಗ್ಗುತ್ತದೆ. ಅದಕ್ಕೇ ಬೀಕರ್ ಅನ್ನು ತಣ್ಣೀರಿನ ತೊಟ್ಟಿಯಲ್ಲಿಟ್ಟು, ಯಂತ್ರವನ್ನು ಕೆಲವು ಸೆಕೆಂಡು ನಡೆಸಿ, ಕೆಲವು ಸೆಕೆಂಡು ನಿಲ್ಲಿಸುತ್ತೇನೆ. ಹಾಗೆಂದು ತೀರಾ ತಣ್ಣಗಾದರೆ ಸತುವಿನ ಹೈಡ್ರಾಕ್ಸೈಡ್ ಪೂರ್ತಿ ಆಕ್ಸೈಡ್ ಆಗದೆ ಉಳಿಯಬಹುದು. ತಾಮ್ರದಿಂದ ಹೊಮ್ಮಿಸಿದ ಎಕ್ಸ್-ರೇಯನ್ನು ಪುಡಿಯ ಮೇಲೆ ಹಾಯಿಸಿ, ಅದು ಯಾವ ಕೋನಗಳಲ್ಲಿ ಚದುರುತ್ತದೆ ಎಂದು ನೋಡಿದಾಗ 31.8, 34.4 ಮತ್ತು 36.3 ಡಿಗ್ರಿಗಳ ಬಳಿ ಆಕ್ಸೈಡ್‌ನ ಶಿಖರಗಳು ಸ್ಪಷ್ಟವಾಗಿ ಕಾಣದ ಹೊರತು ಪುಡಿಯನ್ನು ಮುಂದಿನ ಹಂತಕ್ಕೆ ಒಯ್ಯುವುದಿಲ್ಲ.

ಕಡ್ಡಿಯ ತುದಿಯೂ ಸವೆಯುತ್ತದೆ, ಲೋಹದ ಚೂರುಗಳು ದ್ರಾವಣಕ್ಕೆ ಬೀಳುತ್ತವೆ. ಟೈಟಾನಿಯಂನ ಆಕ್ಸೈಡ್ ಕೂಡ ಬೆಳಕಿನಲ್ಲಿ ಕೆಲಸ ಮಾಡುವ ವಸ್ತುವೇ ಆದ್ದರಿಂದ ತುದಿಯನ್ನು ಆಗಾಗ ಉಜ್ಜಿ ನುಣುಪಾಗಿಸುತ್ತೇನೆ, ಪುಡಿಯಲ್ಲಿ ಟೈಟಾನಿಯಂ ಸೇರಿದೆಯೇ ಎಂದೂ ಪರೀಕ್ಷಿಸುತ್ತೇನೆ. ಯಂತ್ರ ನಡೆಯುವಾಗ ಶಬ್ದ ತಡೆಯುವ ಪೆಟ್ಟಿಗೆ, ಕಿವಿಗೆ ರಕ್ಷಣೆ ಎರಡೂ ಬೇಕೇ ಬೇಕು. ನಂತರ ನೀರು, ಎಥನಾಲ್‌ಗಳಲ್ಲಿ ತೊಳೆದು, ಸೆಂಟ್ರಿಫ್ಯೂಜ್‌ನಲ್ಲಿ ಬೇರ್ಪಡಿಸಿ, 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸುತ್ತೇನೆ.

ಬೆಳಕು ಬಿದ್ದಾಗ ಕಣದೊಳಗೆ ಎಲೆಕ್ಟ್ರಾನ್ ಮೇಲಕ್ಕೆ ಜಿಗಿದು, ಅದು ಬಿಟ್ಟುಹೋದ ಖಾಲಿ ಜಾಗ ನೀರಿನಿಂದ ಬಲು ಚುರುಕಾಗಿ ಪ್ರತಿಕ್ರಿಯಿಸುವ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳನ್ನು ಹುಟ್ಟಿಸುತ್ತದೆ. ಮಾಲಿನ್ಯವನ್ನು ಮುಖ್ಯವಾಗಿ ಅವೇ ಒಡೆಯುತ್ತವೆ. ಇದನ್ನು ತೋರಿಸಲು ಎಲ್ಲರೂ ಮೆಥಿಲೀನ್ ನೀಲಿಯನ್ನು ಬಳಸುತ್ತಾರೆ, ನಾನೂ ಬಳಸುತ್ತೇನೆ. 664 ನ್ಯಾನೊಮೀಟರ್‌ನಲ್ಲಿ ಅದು ಬೆಳಕನ್ನು ಎಷ್ಟು ಹೀರುತ್ತದೆ ಎಂದು ಅಳೆಯುವುದು ಸುಲಭ. ಆದರೆ ನೀಲಿ ಮಾಯವಾದ ಮಾತ್ರಕ್ಕೆ ನೀರು ಶುದ್ಧವಾಯಿತು ಎಂದು ನಾನು ಒಪ್ಪುವುದಿಲ್ಲ. ಬಣ್ಣ ಕಣದ ಮೇಲೆ ಅಂಟಿಕೊಂಡಿರಬಹುದು. ಆದ್ದರಿಂದ ಮೊದಲು ಅರ್ಧ ಗಂಟೆ ಕತ್ತಲೆಯಲ್ಲಿ ಕಲಕಿ, ಆಮೇಲಿನ ಅಳತೆಯನ್ನೇ ಆರಂಭವೆಂದು ಹಿಡಿಯುತ್ತೇನೆ. ಬಣ್ಣ ತಾನಾಗಿಯೇ ಬೆಳಕಿಗೆ ಮಾಸಿರಬಹುದು. ಕಣವಿಲ್ಲದ ಇನ್ನೊಂದು ಬೀಕರ್ ಅದೇ ದೀಪದ ಕೆಳಗೆ ಇರಲೇಬೇಕು. ಆಮ್ಲಜನಕ ಸಾಲದಿದ್ದರೆ ನೀಲಿ ಬಣ್ಣರಹಿತ ರೂಪಕ್ಕೆ ತಿರುಗಿ, ಗಾಳಿ ಸೋಕಿದೊಡನೆ ಮರಳುತ್ತದೆ. ಅದಕ್ಕಾಗಿ ಗಾಳಿ ಹಾಯಿಸುತ್ತಲೇ ಇರುತ್ತೇನೆ. ಗೋಚರ ಬೆಳಕಿನಲ್ಲಂತೂ ಬಣ್ಣವೇ ಬೆಳಕನ್ನು ಹೀರಿ ಕಣಕ್ಕೆ ಎಲೆಕ್ಟ್ರಾನ್ ಕೊಡುವುದರಿಂದ ಕಣದ ಸ್ವಂತ ಸಾಮರ್ಥ್ಯ ತಿಳಿಯುವುದೇ ಇಲ್ಲ.

ಹೀಗಾಗಿ ಕೊನೆಯ ತೀರ್ಮಾನಕ್ಕೆ ಬಣ್ಣವಿಲ್ಲದ ಫೀನಾಲ್ ಬಳಸಿ, ನೀರಿನಲ್ಲಿ ಉಳಿದ ಒಟ್ಟು ಸಾವಯವ ಇಂಗಾಲವನ್ನು ಅಳೆಯುತ್ತೇನೆ. ಫೀನಾಲ್ ಇಳಿದರೂ ಇಂಗಾಲ ಹಾಗೆಯೇ ಉಳಿದಿದ್ದರೆ ಅದು ಬೇರೆ ಅಣುಗಳಾಗಿ ನೀರಿನಲ್ಲೇ ಇದೆ ಎಂದರ್ಥ. ದೀಪವನ್ನು ಇನ್ನಷ್ಟು ಹೊತ್ತು ಉರಿಸಬೇಕು.

ಸತುವಿನ ಆಕ್ಸೈಡ್‌ನ ಶಕ್ತಿ ಅಂತರ, ಅಂದರೆ ಎಲೆಕ್ಟ್ರಾನ್ ಮೇಲಕ್ಕೆ ಜಿಗಿಯಲು ಬೇಕಾದ ಶಕ್ತಿ, ಸುಮಾರು 3.3 ಎಲೆಕ್ಟ್ರಾನ್ ವೋಲ್ಟ್. ಅಂದರೆ ಅದಕ್ಕೆ ಅತಿನೇರಳೆ ಬೆಳಕು ಬೇಕು, ಸೂರ್ಯನ ಬೆಳಕಿನಲ್ಲಿ ಅದರ ಪಾಲು ಶೇಕಡಾ 5ರ ಆಸುಪಾಸು ಮಾತ್ರ. ಅದಕ್ಕಿಂತಲೂ ನನ್ನನ್ನು ಹೆಚ್ಚು ಕಾಡುವುದು ಕಣ ಕರಗುವುದು. ಆಮ್ಲೀಯ ನೀರಿನಲ್ಲೂ ತೀವ್ರ ಕ್ಷಾರದಲ್ಲೂ ಅದು ಕರಗಿ ಸತುವನ್ನು ನೀರಿಗೇ ಬಿಡುತ್ತದೆ. ಪ್ರತಿ ಬಳಕೆಯ ನಂತರ ನೀರಿನಲ್ಲಿರುವ ಸತುವನ್ನು ಅಳೆಯುತ್ತೇನೆ. ಆಮ್ಲೀಯ ತ್ಯಾಜ್ಯವಾದರೆ ಸತುವನ್ನು ಬದಿಗಿಟ್ಟು ಟೈಟಾನಿಯಂ ಡೈಆಕ್ಸೈಡ್ ಅನ್ನೇ ಆರಿಸಿಕೊಳ್ಳುತ್ತೇನೆ.