ಆರು ತಿಂಗಳ ಹಣ ಒಂದೇ ಸಲ: ಮಕ್ಕಳನ್ನು ಓದಿಸಿದ ನನ್ನ ಅನುಭವ

ಕಳೆದ ತಿಂಗಳು ಭಾವ ಫೋನ್ ಮಾಡಿ, ಮಗಳನ್ನು ಮೈಸೂರಿನಲ್ಲಿ ಇಂಜಿನಿಯರಿಂಗ್‌ಗೆ ಸೇರಿಸುತ್ತಿದ್ದೇನೆ, ನೀನು ಮಗನಿಗೆ ಹಣ ಕೊಟ್ಟ ಕ್ರಮವನ್ನು ಒಮ್ಮೆ ಸರಿಯಾಗಿ ಬರೆದು ಕಳಿಸು ಎಂದು ಕೇಳಿದರು. 2019ರ ಮಳೆಗಾಲದಲ್ಲಿ ನಮ್ಮ ಮನೆಯ ಜಗಲಿಯಲ್ಲಿ ಕುಳಿತು, "ಮಾಣಿ (ಹುಡುಗ) ಕೈಗೆ ಇಷ್ಟು ದುಡ್ಡು ಒಂದೇ ಸಲ ಕೊಟ್ರೆ ದೀಪಾವಳಿಯೊಳಗೆ ಖಾಲಿ ಮಾಡ್ತ" ಎಂದು ಎಲ್ಲರೆದುರು ಹೇಳಿದವರು ಇದೇ ಭಾವ. ಆ ವರ್ಷದ ಮಟ್ಟಿಗೆ ಅವರ ಮಾತು ನಿಜವೂ ಆಯಿತು. ಆದರೂ ನಾನು ಕ್ರಮವನ್ನು ಬಿಡಲಿಲ್ಲ. ಅವರಿಗೆಂದು ಬರೆಯಲು ಕುಳಿತದ್ದು ಉದ್ದವಾದ್ದರಿಂದ, ನನ್ನಂತೆಯೇ ಹಳ್ಳಿಯಲ್ಲಿದ್ದು ಮಕ್ಕಳನ್ನು ಪಟ್ಟಣದ ಕಾಲೇಜಿಗೆ ಕಳಿಸುವ ಇತರರಿಗೂ ಉಪಯೋಗವಾಗಲಿ ಎಂದು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ನಮ್ಮದು ಸಿದ್ದಾಪುರ ತಾಲ್ಲೂಕಿನಲ್ಲಿ ಎರಡೂವರೆ ಎಕರೆ ಅಡಿಕೆ ತೋಟ. ಮಗಳು 2014ರಿಂದ 2018ರವರೆಗೆ ಹುಬ್ಬಳ್ಳಿಯಲ್ಲಿ, ಮಗ 2019ರಿಂದ 2023ರವರೆಗೆ ಮೈಸೂರಿನಲ್ಲಿ ಓದಿದರು. ಇಬ್ಬರದೂ ಸಿಇಟಿಯಿಂದ ಸಿಕ್ಕ ಸರ್ಕಾರಿ ಕೋಟಾದ ಸೀಟು. ಸೀಟು ಹಿಡಿಯುವ ಬಗೆ, ಕೌನ್ಸೆಲಿಂಗ್, ಮುಂಚಿನಿಂದ ಉಳಿತಾಯ ಮಾಡುವುದು ಇವೆಲ್ಲ ಓದುವವರಿಗೆ ಗೊತ್ತಿರುವ ಸಂಗತಿಗಳಾದ್ದರಿಂದ ಅವುಗಳ ಬಗ್ಗೆ ಬರೆಯುವುದಿಲ್ಲ. ಸೀಟು ಸಿಕ್ಕ ಮೇಲೆ ಎಷ್ಟು ಕೊಡಬೇಕು, ಯಾರ ಕೈಗೆ ಕೊಡಬೇಕು, ಎಷ್ಟು ದಿನಕ್ಕೊಮ್ಮೆ ಕೊಡಬೇಕು ಎಂಬ ಮೂರು ಪ್ರಶ್ನೆಗಳಿಗೆ ಮಾತ್ರ ನನ್ನ ಉತ್ತರ ಇಲ್ಲಿದೆ. ಅಂಕಿಗಳನ್ನು ನೆನಪಿನಿಂದ ಬರೆಯುತ್ತಿರುವುದರಿಂದ ಸಾವಿರ, ಎರಡು ಸಾವಿರ ಆಚೆ ಈಚೆ ಇರಬಹುದು.

ಮಗಳ ಕಾಲದಲ್ಲಿ ನಾನು ಮಾಡಿದ ತಪ್ಪುಗಳಿಂದಲೇ ಆರಂಭಿಸಬೇಕು. ಮೊದಲನೆಯ ವರ್ಷ ನನ್ನ ಉಳಿತಾಯ ಖಾತೆಯ ಎಟಿಎಂ ಕಾರ್ಡನ್ನೇ ಅವಳ ಕೈಗೆ ಕೊಟ್ಟು, ಬೇಕಾದಾಗ ತೆಗೆದುಕೋ ಎಂದು ಹೇಳಿದ್ದೆ. ಅವಳು ದುಂದು ಮಾಡುವವಳಲ್ಲ. ಆದರೆ ಅಡಿಕೆ ಮಾರಿದ ಹಣ ವರ್ಷಕ್ಕೊಮ್ಮೆ ಬಂದು ಬೀಳುವ ಖಾತೆಯಾದ್ದರಿಂದ ಯಂತ್ರದ ಪರದೆಯ ಮೇಲೆ ಯಾವಾಗಲೂ ದೊಡ್ಡ ಮೊತ್ತ ಕಾಣುತ್ತಿತ್ತು, ಮತ್ತು ಅದರಲ್ಲಿ ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡನ ಸಂಬಳವೂ ಗೊಬ್ಬರದ ಹಣವೂ ಮುಂದಿನ ಮಳೆಗಾಲದ ಖರ್ಚೂ ಸೇರಿದೆ ಎಂಬುದನ್ನು ನಾನು ಅವಳಿಗೆ ಹೇಳಿಯೇ ಇರಲಿಲ್ಲ. ಮರುವರ್ಷ ಜೂನ್‌ನಲ್ಲಿ ಅಡಿಕೆಯ ಕೊಳೆ ರೋಗದ ಔಷಧಕ್ಕೆ ಮೈಲುತುತ್ತ, ಸುಣ್ಣ ತರಲು ಹೊರಟಾಗ ನಾನು ಅಂದುಕೊಂಡದ್ದಕ್ಕಿಂತ ಸುಮಾರು 38 ಸಾವಿರ ಕಡಿಮೆ ಇತ್ತು. ಆ ಸಲ ಮೊದಲ ಸಿಂಪರಣೆ ಹತ್ತು ದಿನ ತಡವಾಗಿ, ಕೆಳಗಿನ ತೋಟದಲ್ಲಿ ಕೊಳೆ ಹಿಡಿಯಿತು. ಅದರ ನಷ್ಟವನ್ನೂ ಮಗಳ ಓದಿನ ಖರ್ಚಿಗೇ ಸೇರಿಸಿ ಲೆಕ್ಕ ಹಾಕಬೇಕೆಂದು ನನ್ನ ಅಭಿಪ್ರಾಯ.

ಎರಡನೆಯ ವರ್ಷ ಕಾರ್ಡನ್ನು ಹಿಂದಕ್ಕೆ ಪಡೆದು, ತಿಂಗಳಿಗೆ ಐದು ಸಾವಿರ ಕಳಿಸಿ, ಪ್ರತಿ ಖರ್ಚನ್ನೂ ನೋಟ್‌ಬುಕ್ಕಿನಲ್ಲಿ ಬರೆದು ರಜೆಗೆ ಬಂದಾಗ ತೋರಿಸಬೇಕೆಂದು ನಿಯಮ ಮಾಡಿದೆ. ಆಗ ಅವಳು ಗೆಳತಿಯರೊಂದಿಗೆ ಬಾಡಿಗೆ ಕೋಣೆಯಲ್ಲಿದ್ದು ಖಾನಾವಳಿಯಲ್ಲಿ ಊಟ ಮಾಡುತ್ತಿದ್ದಳು. ದಸರಾ ರಜೆಯಲ್ಲಿ ಅವಳು ತಂದ ನೀಲಿ ರಟ್ಟಿನ ಪುಸ್ತಕ ಇಂದಿಗೂ ನನ್ನ ಕಪಾಟಿನಲ್ಲಿದೆ. ಅದರಲ್ಲಿ ಆಗಸ್ಟ್ ತಿಂಗಳ ಖಾನಾವಳಿಯ ಸಾಲಿನಲ್ಲಿ 2,000 ಎಂದೂ, ಸೆಪ್ಟೆಂಬರ್‌ನಲ್ಲಿ 1,100 ಎಂದೂ ದುಂಡಗಿನ ಅಕ್ಷರಗಳಲ್ಲಿ ಬರೆದಿದ್ದಳು. ನಾನು ಆ ಸಾಲನ್ನು ಬೆರಳಿನಿಂದ ತೋರಿಸಿ, ಹೀಗೆ ಉಳಿಸಲು ಕಲಿಯಬೇಕು ಎಂದು ಅವಳನ್ನು ಹೊಗಳಿದೆ. ಅವಳು ಏನೂ ಹೇಳಲಿಲ್ಲ. ಡಿಸೆಂಬರ್‌ನಲ್ಲಿ ಪರೀಕ್ಷೆಯ ಕೋಣೆಯಲ್ಲಿ ತಲೆಸುತ್ತಿ ಬಿದ್ದಳೆಂದು ಗೆಳತಿಯಿಂದ ಫೋನ್ ಬಂದಾಗ ನಾನು ತೋಟದಲ್ಲಿ ಕೊಯ್ಲಿನ ನಡುವೆ ಇದ್ದೆ. ರಕ್ತ ಪರೀಕ್ಷೆ ಮಾಡಿದ ವೈದ್ಯರು ಹಿಮೋಗ್ಲೋಬಿನ್ ಎಂಟರ ಆಸುಪಾಸಿನಲ್ಲಿದೆ ಎಂದರು. ಮೂರು ತಿಂಗಳಿಂದ ಅವಳು ರಾತ್ರಿಯ ಊಟವನ್ನು ಬಿಟ್ಟಿದ್ದಳು. ಪುಸ್ತಕಗಳಿಗೂ ಪ್ರಾಜೆಕ್ಟ್‌ಗೂ ಹೆಚ್ಚು ಹಣ ಬೇಕಾಗಿ, ಕೇಳಲು ಸಂಕೋಚವಾಗಿ, ಅಪ್ಪಯ್ಯ ನೋಡುವ ಲೆಕ್ಕದಲ್ಲಿ ಯಾವ ಸಾಲನ್ನು ಕಡಿಮೆ ಮಾಡಿದರೆ ಪ್ರಶ್ನೆ ಬರುವುದಿಲ್ಲವೋ ಅದನ್ನೇ ಕಡಿಮೆ ಮಾಡಿದ್ದಳು. ಲೆಕ್ಕ ಬರೆಸುವ ಶಿಸ್ತಿನ ಬಗ್ಗೆ ನನಗಿದ್ದ ಅಭಿಮಾನ ಅಂದೇ ಮುಗಿಯಿತು.

ಮುಂದಿನ ಎರಡು ವರ್ಷ ನಾನು ಇನ್ನೊಂದು ತುದಿಗೆ ಹೋದೆ. ಕೇಳಿದಾಗಲೆಲ್ಲ, ಕೇಳಿದಷ್ಟನ್ನೂ ಹಾಕುತ್ತಿದ್ದೆ. ಹಣ ಹೆಚ್ಚೇನೂ ಹೋಗಲಿಲ್ಲ, ಆದರೆ ನಾಲ್ಕು ದಿನಕ್ಕೊಮ್ಮೆ ಬರುತ್ತಿದ್ದ ಫೋನಿನಲ್ಲಿ ಹಣದ ಮಾತನ್ನು ಬಿಟ್ಟು ಬೇರೆ ಮಾತೇ ಇಲ್ಲದಂತಾಯಿತು. ಅವಳಿಗೂ ಅದು ಹಿಂಸೆಯಾಗಿತ್ತು ಎಂದು ಈಗ ಹೇಳುತ್ತಾಳೆ.

ಮಗನ ಸರದಿ ಬಂದಾಗ ನಾನು ಖರ್ಚನ್ನು ಮೂರು ಪಾಲು ಮಾಡಿದೆ. ಮೊದಲನೆಯದು ತಲೆಯ ಮೇಲಿನ ಸೂರು ಮತ್ತು ಊಟ. ಹಾಸ್ಟೆಲ್ ಮತ್ತು ಮೆಸ್ಸಿನ ಹಣವನ್ನು, ವರ್ಷಕ್ಕೆ ಸುಮಾರು 80 ಸಾವಿರ, ನಾನೇ ನೇರವಾಗಿ ಮುಂಗಡ ಕಟ್ಟುತ್ತಿದ್ದೆ. ಅದು ಅವನ ಕೈ ಮುಟ್ಟುವಂತಿಲ್ಲ, ಅದರಲ್ಲಿ ಉಳಿಸುವಂತಿಲ್ಲ, ಏನೇ ತಪ್ಪು ಮಾಡಿದರೂ ಅದನ್ನು ನಾನು ನಿಲ್ಲಿಸುವಂತಿಲ್ಲ. ಎರಡನೆಯದು ಕಾಲೇಜಿನ ಶುಲ್ಕ, ವರ್ಷಕ್ಕೆ ಸುಮಾರು 65 ಸಾವಿರ. ಮೂರನೆಯದು ಉಳಿದೆಲ್ಲ: ಬಸ್ಸು, ಬಟ್ಟೆ, ಪುಸ್ತಕ, ರೀಚಾರ್ಜ್, ಕ್ಷೌರ, ಹೊರಗಿನ ಚಹಾ. ಇದಕ್ಕೆ ಸೆಮಿಸ್ಟರಿಗೆ 24 ಸಾವಿರವನ್ನು ಮೊದಲ ದಿನವೇ ಅವನ ಖಾತೆಗೆ ಹಾಕಿ, ಲೆಕ್ಕ ಕೇಳುವುದಿಲ್ಲ ಎಂದು ಮಾತು ಕೊಟ್ಟೆ.

ಆರು ತಿಂಗಳದ್ದು ಒಮ್ಮೆಲೇ ಏಕೆ ಎಂದು ಎಲ್ಲರೂ ಕೇಳಿದರು. ಅಡಿಕೆ ಬೆಳೆಗಾರರ ಮನೆಯಲ್ಲಿ ಹುಟ್ಟಿದ ಹುಡುಗನಿಗೆ ತಿಂಗಳ ಸಂಬಳದ ಲೆಕ್ಕವನ್ನು ನಾವು ಎಲ್ಲಿಂದ ಕಲಿಸಬೇಕು? ನಮಗೆ ವರ್ಷಕ್ಕೊಮ್ಮೆ ಹಣ ಬರುತ್ತದೆ, ಅದನ್ನು ಹನ್ನೆರಡು ತಿಂಗಳಿಗೆ ಹಿಗ್ಗಿಸುವುದು ಮಾತ್ರ ನಮಗೆ ಗೊತ್ತಿರುವ ವಿದ್ಯೆ. ಅದೇ ವಿದ್ಯೆಯನ್ನು ಸಣ್ಣ ಪ್ರಮಾಣದಲ್ಲಿ ಅವನಿಗೆ ದಾಟಿಸಿದೆ.

ಶುಲ್ಕದ ವಿಷಯದಲ್ಲಿ ಮನೆಯಲ್ಲಿ ಹೆಚ್ಚು ಚರ್ಚೆಯಾಯಿತು. ನಾಲ್ಕು ವರ್ಷಗಳ ಶುಲ್ಕ, ಹಾಸ್ಟೆಲ್ ಎರಡೂ ಸೇರಿ ಆರು ಲಕ್ಷದ ಹತ್ತಿರ ಬರುತ್ತಿದ್ದುದರಿಂದ, ಅದರ ಅರ್ಧ, ಅಂದರೆ ಮೂರು ಲಕ್ಷವನ್ನು, ಅವನ ಹೆಸರಿನಲ್ಲಿ ಶಿಕ್ಷಣ ಸಾಲವಾಗಿ ತೆಗೆದೆವು. ಓದುವವರೆಗೆ ಬಡ್ಡಿ ನನ್ನದು, ಕೆಲಸ ಸಿಕ್ಕ ಮೇಲೆ ಅಸಲು ಅವನದು ಎಂಬುದು ಒಪ್ಪಂದ. ಹಣವಿದ್ದೂ ಮಗನ ತಲೆಯ ಮೇಲೆ ಸಾಲ ಹೊರಿಸುತ್ತಾನೆ ಎಂದು ಊರಿನಲ್ಲಿ ಮಾತು ಬಂತು. ಮೊದಲು ಹೋದ ಬ್ಯಾಂಕ್ ಶಾಖೆಯಲ್ಲಿ ತೋಟದ ಪಹಣಿಯನ್ನು ಅಡವಿಡಲು ಕೇಳಿದರು. ನಾಲ್ಕು ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿಯ ಅಡಮಾನವಾಗಲಿ ಹೊರಗಿನವರ ಜಾಮೀನಾಗಲಿ ಬೇಕಿಲ್ಲ, ತಂದೆ ಅಥವಾ ತಾಯಿ ಜೊತೆಗೆ ಸಹಿ ಹಾಕಿದರೆ ಸಾಕು ಎಂದು ನಾನು ಹೇಳಿದರೂ ಮೂರು ಸಲ ಓಡಾಡಿಸಿದರು. ಕೊನೆಗೆ ಶಿಕ್ಷಣ ಸಾಲಕ್ಕೆಂದೇ ಇರುವ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ಬೇರೆ ಬ್ಯಾಂಕಿನಿಂದ ಪಡೆದೆವು. ಅಲ್ಲಿ ಆಗ ಒಂದೇ ಅರ್ಜಿಯನ್ನು ಮೂರು ಬ್ಯಾಂಕುಗಳಿಗೆ ಕಳಿಸಬಹುದಿತ್ತು. ಬಡ್ಡಿ ಹತ್ತರ ಆಸುಪಾಸಿನಲ್ಲಿತ್ತು, ಓದುವಾಗಲೇ ಬಡ್ಡಿ ಕಟ್ಟಿಕೊಂಡು ಬಂದದ್ದಕ್ಕೆ ಶೇಕಡಾ ಒಂದರ ರಿಯಾಯಿತಿ ಸಿಕ್ಕಿತು. ಓದು ಮುಗಿಯುವವರೆಗೆ ನಾನು ಕಟ್ಟಿದ ಬಡ್ಡಿ ಒಟ್ಟು 70 ಸಾವಿರ ಮುಟ್ಟಿರಬಹುದು. ಶಿಕ್ಷಣ ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ 80ಇ ಕಲಮಿನ ವಿನಾಯಿತಿ ಇದೆಯೆಂದು ಹಲವರು ನೆನಪಿಸಿದರು. ಕೃಷಿ ಆದಾಯಕ್ಕೆ ತೆರಿಗೆಯೇ ಇಲ್ಲದ ನನಗೆ ಅದರಿಂದ ಪ್ರಯೋಜನವಾಗಲಿಲ್ಲ.

ಇನ್ನು ಮೊದಲ ಸೆಮಿಸ್ಟರ್. ಆಗಸ್ಟ್‌ನಲ್ಲಿ ಹಾಕಿದ 24 ಸಾವಿರ ಅಕ್ಟೋಬರ್ ಮಧ್ಯದ ಹೊತ್ತಿಗೆ ಮುಗಿದಿತ್ತು: ಒಂದು ಫೋನ್, ಊಟಿಗೆ ಎರಡು ದಿನದ ಪ್ರವಾಸ, ಉಳಿದದ್ದು ಎಲ್ಲಿ ಹೋಯಿತೆಂದು ಅವನಿಗೂ ಗೊತ್ತಿಲ್ಲ. "ಅಪ್ಪಯ್ಯ, ದುಡ್ಡು ಖಾಲಿ ಆತು" ಎಂದು ಫೋನ್ ಬಂದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ, ಊಟ ಸರಿಯಾಗಿ ಆಗುತ್ತಿದೆಯೇ ಎಂದು. "ಊಟಕ್ಕೆ ತೊಂದರೆ ಇಲ್ಲೆ" ಎಂದ. ಹಾಗಾದರೆ ಹಬ್ಬಕ್ಕೆ ಬಾ, ಮಾತಾಡೋಣ ಎಂದು ಫೋನ್ ಇಟ್ಟೆ. ಗೆಳೆಯನಿಂದ ಸಾಲ ಪಡೆದು, ಮೈಸೂರಿನಿಂದ ತಾಳಗುಪ್ಪದ ರೈಲಿನ ಜನರಲ್ ಬೋಗಿಯಲ್ಲಿ ರಾತ್ರಿಯೆಲ್ಲ ಕುಳಿತು ಬಂದ. ಮಗಳಿಗೆ ಮಾಡಿದ ತಪ್ಪು ಕಣ್ಣ ಮುಂದೆ ಇಲ್ಲದಿದ್ದರೆ, ಮತ್ತು ಮೆಸ್ಸಿನ ಹಣವನ್ನು ಮೊದಲೇ ಕಟ್ಟದಿದ್ದರೆ, ನಾನು ಅಂದು ಗಟ್ಟಿಯಾಗಿ ನಿಲ್ಲಲು ಸಾಧ್ಯವಿರಲಿಲ್ಲ.

ಹೆಚ್ಚಿನ ಹಣ ದಾನವಾಗಿ ಸಿಗುವುದಿಲ್ಲ, ಸೊಸೈಟಿಯಲ್ಲಿ ನಮಗೆ ಬೆಳೆಯ ಮೇಲೆ ಮುಂಗಡ ಕೊಡುವಂತೆ ಆರು ಸಾವಿರದವರೆಗೆ ಕಡ ಕೊಡುತ್ತೇನೆ, ಜನವರಿ ರಜೆಯಲ್ಲಿ ತೋಟದ ಕೆಲಸ ಮಾಡಿ ತೀರಿಸು ಎಂದೆ. ಒಪ್ಪಿದ. ಆದರೆ ಅವನ ಆಯಿ (ಅಮ್ಮ) ಉಪ್ಪಿನಕಾಯಿ ಭರಣಿಯ ಜೊತೆ ಎರಡು ಸಾವಿರವನ್ನೂ, ಅಜ್ಜಿ ಐದು ನೂರನ್ನೂ ಗುಟ್ಟಾಗಿ ಕಟ್ಟಿ ಕಳಿಸಿದ್ದು ವಾರದ ನಂತರ ತಿಳಿಯಿತು. ನನ್ನ ಪ್ರಕಾರ ಇಂತಹ ಏರ್ಪಾಡುಗಳೆಲ್ಲ ಮುರಿಯುವುದು ಇಲ್ಲಿಯೇ. ಜಗಳವಾಡಿ ಪ್ರಯೋಜನವಿಲ್ಲವೆಂದು, ಹಬ್ಬಕ್ಕೆ ಬಂದಾಗ ಹೆಂಗಸರು ಕೊಡುವ ಹಣಕ್ಕೆ ನನ್ನ ಅಡ್ಡಿಯಿಲ್ಲ, ಆದರೆ ಎಲ್ಲರೆದುರು ದೇವರ ಮುಂದಿಟ್ಟು ಕೊಡಬೇಕು ಎಂದು ಹೇಳಿದೆ. ಗುಟ್ಟು ಹೋದ ಮೇಲೆ ಮೊತ್ತ ತಾನಾಗಿಯೇ ಇಳಿಯಿತು.

ಜನವರಿಯಲ್ಲಿ ಹದಿನೈದು ದಿನ, ದಿನಕ್ಕೆ 400 ರೂಪಾಯಿಯಂತೆ, ಬೇರೆ ಕೆಲಸದವರಿಗೆ ಕೊಟ್ಟ ಕೂಲಿಯನ್ನೇ ಅವನಿಗೂ ಲೆಕ್ಕ ಹಾಕಿದೆ. ಕೊನೆಗೌಡ ಮರದ ಮೇಲಿನಿಂದ ಹಗ್ಗದಲ್ಲಿ ಇಳಿಬಿಡುವ ಕೊನೆಯನ್ನು ಕೆಳಗೆ ಹಿಡಿಯುವುದು, ಹೊತ್ತು ತರುವುದು, ಅಡಿಕೆ ಉದುರಿಸುವುದು. ಐದನೆಯ ದಿನ ಅಂಗೈ ಸುಲಿದು ಬಟ್ಟೆ ಸುತ್ತಿಕೊಂಡಿದ್ದ. ಸಂಜೆ ಜಗಲಿಯಲ್ಲಿ ಕುಳಿತು, ಊಟಿಯ ಎರಡು ದಿನ ಎಂದರೆ ಇಲ್ಲಿಯ ಹನ್ನೊಂದು ದಿನ ಎಂದು ತನ್ನಷ್ಟಕ್ಕೆ ಲೆಕ್ಕ ಹಾಕುತ್ತಿದ್ದುದನ್ನು ನಾನು ಒಳಗಿನಿಂದ ಕೇಳಿಸಿಕೊಂಡೆ. ಆ ಬಳಿಕ ಅವನು ಒಮ್ಮೆಯೂ ಕಡ ಕೇಳಲಿಲ್ಲ.

ಎರಡನೆಯ ಸೆಮಿಸ್ಟರಿನ ಹಣ ಹಾಕಿ ಸ್ವಲ್ಪ ದಿನಕ್ಕೇ, 2020ರ ಮಾರ್ಚ್‌ನಲ್ಲಿ, ಲಾಕ್‌ಡೌನ್ ಬಂದು ಅವನು ಮನೆ ಸೇರಿದ. ಹಾಸ್ಟೆಲಿನವರು ಮುಂಗಡದಲ್ಲಿ ಒಂದು ರೂಪಾಯಿಯನ್ನೂ ಹಿಂದಿರುಗಿಸಲಿಲ್ಲ; ಮುಂಗಡ ಕಟ್ಟುವ ನನ್ನ ಕ್ರಮಕ್ಕೆ ಆದ ದೊಡ್ಡ ಪೆಟ್ಟು ಅದು, ಸುಮಾರು 30 ಸಾವಿರ. ಅವನ ಖಾತೆಯಲ್ಲಿ ಆಗ 19 ಸಾವಿರದಷ್ಟು ಉಳಿದಿತ್ತು. ಹಿಂದಕ್ಕೆ ಕೊಡಲೇ ಎಂದು ಕೇಳಿದ. ಕೊಟ್ಟದ್ದು ಕೊಟ್ಟಾಯಿತು, ನಿನ್ನದೇ ಎಂದೆ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಅವನು ಆ ಹಣದಲ್ಲಿ ತಾಡಪತ್ರಿ, ಹಗ್ಗ, ಪವರ್ ಬ್ಯಾಂಕ್ ತಂದು, ಸಿಗ್ನಲ್ ಸಿಗುವ ಸೊಪ್ಪಿನ ಬೆಟ್ಟದ ನೆತ್ತಿಯಲ್ಲಿ ಗುಡಿಸಲು ಕಟ್ಟಿಕೊಂಡು ಆನ್‌ಲೈನ್ ತರಗತಿ ಕೇಳಿದ. ಪಕ್ಕದ ಮನೆಗಳ ಮೂವರು ಮಕ್ಕಳೂ ಅಲ್ಲಿಯೇ ಕುಳಿತು ಓದಿದರು. ಆ ತಾಡಪತ್ರಿಗೆ ನಾನು ಹಣ ಕೊಟ್ಟಿರಲಿಲ್ಲ ಎಂಬುದು ನನಗೆ ಇಂದಿಗೂ ಸಂತೋಷದ ಸಂಗತಿ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಎಂಟಕ್ಕಿಂತ ಹೆಚ್ಚು ಎಸ್‌ಜಿಪಿಎ (ಹತ್ತಕ್ಕೆ ಲೆಕ್ಕ ಹಾಕುವ ಸೆಮಿಸ್ಟರಿನ ಸರಾಸರಿ ಅಂಕ) ಬಂದರೆ ಐದು ಸಾವಿರ ಎಂದು ಒಂದು ಸಲ ಹೇಳಿದ್ದಕ್ಕೆ, ಅವನು ತನಗೆ ಆಸಕ್ತಿಯಿದ್ದ ವಿಷಯವನ್ನು ಬಿಟ್ಟು ಅಂಕ ಸುಲಭವಾಗಿ ಬರುವ ವಿಷಯವನ್ನು ಆರಿಸಿಕೊಂಡ, ಅಲ್ಲಿಗೇ ಕೈಬಿಟ್ಟೆ. ಮನೆಯಿಂದ ಅಕ್ಕಿ, ಕಾಯಿ ಕಳಿಸುವುದು ಹಾಸ್ಟೆಲಿನವರಿಗೆ ಉಪಯೋಗವಿಲ್ಲ, ಮಿಡಿ ಉಪ್ಪಿನಕಾಯಿ ಮತ್ತು ಜೋನಿ ಬೆಲ್ಲ ಮಾತ್ರ ನಡೆಯಿತು. ಸೆಮಿಸ್ಟರ್ ಕೊನೆಯಲ್ಲಿ ಅವನು ಉಳಿಸಿದಷ್ಟನ್ನು ನಾನೂ ಸೇರಿಸಿ ಕೊಡುತ್ತೇನೆ ಎಂದದ್ದು ಚೆನ್ನಾಗಿ ಫಲ ಕೊಟ್ಟಿತು: ಐದನೆಯ ಸೆಮಿಸ್ಟರಿನಲ್ಲಿ ಮೂರು ಸಾವಿರ ಉಳಿಸಿದವನು ಏಳನೆಯದರಲ್ಲಿ ಒಂಬತ್ತು ಸಾವಿರ ಉಳಿಸಿದ. ಊಟದ ಹಣ ಬೇರೆಯಿರುವಲ್ಲಿ ಮಾತ್ರ ಇದನ್ನು ಮಾಡಬೇಕು. ಮಗಳಿಗೆ ಇದೇ ಆಸೆ ತೋರಿಸಿದ್ದರೆ ಅವಳು ಹಗಲಿನ ಊಟವನ್ನೂ ಬಿಡುತ್ತಿದ್ದಳೋ ಏನೋ. ರೈತರ ಮಕ್ಕಳಿಗೆ ರಾಜ್ಯ ಸರ್ಕಾರ ಕೊಡುವ, 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿ ವಿದ್ಯಾರ್ಥಿವೇತನದಿಂದ ಅವನ ಖಾತೆಗೆ ನೇರವಾಗಿ ಹತ್ತು ಸಾವಿರ ಬಂದಾಗ ನಾನು ಕೊಡುವುದರಲ್ಲಿ ಕಡಿತ ಮಾಡಲಿಲ್ಲ.

2023ರಲ್ಲಿ ಓದು ಮುಗಿದಾಗ ಅವನ ಖಾತೆಯಲ್ಲಿ 23 ಸಾವಿರವಿತ್ತು. ಅದರಿಂದಲೇ ಬೆಂಗಳೂರಿನಲ್ಲಿ ಪಿಜಿಯ ಮುಂಗಡ ಕೊಟ್ಟು ಕೆಲಸಕ್ಕೆ ಸೇರಿದ. ನನ್ನಿಂದ ಏನನ್ನೂ ಪಡೆಯಲಿಲ್ಲ. ಈಗ ತಿಂಗಳಿಗೆ ಆರು ಸಾವಿರದ ಮುನ್ನೂರರಷ್ಟು ಕಂತನ್ನು ಒಮ್ಮೆಯೂ ತಪ್ಪಿಸದೆ ಕಟ್ಟುತ್ತಿದ್ದಾನೆ. ನಮ್ಮ ಸುತ್ತಿನ ನಾಲ್ಕು ಮನೆಯವರು ಇದೇ ಕ್ರಮವನ್ನು ಹಿಡಿದಿದ್ದಾರೆ. ನಿನಗೆ ಸಾಲವಿರಲಿಲ್ಲ, ತಮ್ಮನಿಗೆ ಇದೆ, ಇದು ನ್ಯಾಯವೇ ಎಂದು ನಾನು ಮಗಳನ್ನೇ ಕೇಳಿದ್ದೆ. ಹೊಟ್ಟೆ ತುಂಬ ಉಂಡು ಸಾಲ ತೀರಿಸುವುದೇ ಸುಲಭ ಎಂದಳು.

ಭಾವನ ಮಗಳಿಗೆ ಈಗಿನ ದರದಲ್ಲಿ ಸೆಮಿಸ್ಟರಿಗೆ 36 ಸಾವಿರ ಬೇಕೆಂದು ನಾನು ಹೇಳಿದ್ದೇನೆ. ಅಷ್ಟನ್ನು ಒಟ್ಟಿಗೆ ಕೊಡಲು ಅವರಿಗೆ ಇನ್ನೂ ಧೈರ್ಯವಿಲ್ಲ. ಮೂರು ತಿಂಗಳಿಗೊಮ್ಮೆ ಕೊಟ್ಟು ನೋಡುತ್ತೇನೆ ಎನ್ನುತ್ತಾರೆ, ಅದು ಅವರಿಗೆ ಬಿಟ್ಟದ್ದು. ಮೆಸ್ಸಿನ ವರ್ಷದ ಹಣವನ್ನು ಮಾತ್ರ ಹೋದ ಸೋಮವಾರ ನಾನೇ ಮುಂದೆ ನಿಂತು ಕಟ್ಟಿಸಿದ್ದೇನೆ, ಅದರ ರಸೀದಿಯ ಫೋಟೋ ನನ್ನ ಫೋನಿನಲ್ಲಿದೆ.