ಅಗೆಯುವಾಗ ಹಳೇ ಅಸ್ಥಿ ಮಡಕೆ ಸಿಕ್ಕರೆ ಮೊದಲು ಏನು ಮಾಡಬೇಕು?

ಮಣ್ಣು ಅಗೆಯುವಾಗ ಬಳೆಯಂತೆ ದುಂಡಗೆ ಬಾಗಿದ ಮಡಕೆಯ ಅಂಚು ಕಂಡಿತಾ? ಗುದ್ದಲಿ ಕೆಳಗಿಡಿ. ಜೆಸಿಬಿ ಓಡುತ್ತಿದ್ದರೆ ನಿಲ್ಲಿಸಿ. ಪಕ್ಕದಲ್ಲಿ ಇದ್ದಿಲ ಚೂರು, ಬಿಳಿಚಿಕೊಂಡ ಮೂಳೆಯ ಸೀಳು ಇದ್ದರೆ ಅದು ಇತಿಹಾಸಪೂರ್ವ ಕಾಲದ ಅಸ್ಥಿ ಮಡಕೆ ಇರಬಹುದು.

ಎತ್ತಲು ಮಾತ್ರ ಹೋಗಬೇಡಿ. ಉತ್ಖನನದ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಹೀಗೇ ಒಂದು ಮಡಕೆಯ ಅಡಿಗೆ ಎರಡೂ ಕೈ ಹಾಕಿ ಎತ್ತಿದ್ದೆ. ಬದಿಗಳು ಕೈಗೆ ಬಂದವು, ತಳ ಮಣ್ಣಲ್ಲೇ ಉಳಿಯಿತು. ಒಳಗಿದ್ದದ್ದೆಲ್ಲ ಸುರಿದು ಹೋಯಿತು. ಉಗುರಿನಷ್ಟು ಮೂಳೆ ಚೂರುಗಳು, ನಾಲ್ಕೈದು ಪುಟ್ಟ ಮಣಿಗಳು. ಯಾವುದು ಮೇಲಿತ್ತು, ಯಾವುದು ಅಡಿಯಲ್ಲಿತ್ತು ಅಂತ ಆಮೇಲೆ ಯಾರಿಗೂ ಹೇಳಲಾಗಲಿಲ್ಲ. ಆ ಸಂಕಟ ಇನ್ನೂ ಹೋಗಿಲ್ಲ.

ಇಂಥ ಮಡಕೆಗಳನ್ನು ಹೆಚ್ಚಾಗಿ ಕಡಿಮೆ ಶಾಖದಲ್ಲಿ ಸುಟ್ಟಿರುತ್ತಾರೆ. ಸಾವಿರಾರು ವರ್ಷ ತೇವ ಕುಡಿದು ನೆನೆದ ಬಿಸ್ಕತ್ತಿನಂತೆ ಮೆತ್ತಗಾಗಿರುತ್ತವೆ. ಸುತ್ತಲಿನ ಮಣ್ಣೇ ಅವನ್ನು ಹಿಡಿದು ನಿಲ್ಲಿಸಿರುತ್ತದೆ.

ಒಳಗಿನ ಮಣ್ಣಿಗಂತೂ ಮಡಕೆಗಿಂತ ಬೆಲೆ ಜಾಸ್ತಿ. ಪ್ರಯೋಗಾಲಯದಲ್ಲಿ ಅದನ್ನು ತೆಳು ಪದರಗಳಾಗಿ ಬಿಡಿಸಿ ಜರಡಿ ಹಿಡಿಯುತ್ತಾರೆ. ಹಲ್ಲು ಸಿಕ್ಕರೆ ಸತ್ತವರ ವಯಸ್ಸು ಅಂದಾಜಿಸಬಹುದು. ಚೆನ್ನಾಗಿ ಸುಟ್ಟು ಬೆಳ್ಳಗಾದ ಮೂಳೆಯಿಂದಲೂ ಕಾರ್ಬನ್ ಪರೀಕ್ಷೆಯಲ್ಲಿ ಕಾಲ ತಿಳಿಯುತ್ತದೆ. ಎಲ್ಲ ಕಡೆ ಸುಟ್ಟ ಮೂಳೆಯೇ ಇರುತ್ತದೆ ಅಂತಲ್ಲ. 1876ರಲ್ಲಿ ಬೆಳಕಿಗೆ ಬಂದ ತಮಿಳುನಾಡಿನ ಆದಿಚ್ಚನಲ್ಲೂರಿನ ದೊಡ್ಡ ಹರವಿಗಳಲ್ಲಿ ಸುಡದ ಮೂಳೆಗಳೂ ಸಿಕ್ಕಿವೆ. ಬ್ರಿಟನ್ನಿನಲ್ಲಿ ಕಂಚಿನ ಯುಗದವರು ಎಷ್ಟೋ ಮಡಕೆಗಳನ್ನು ಬೋರಲು ಹಾಕಿ ಹೂತಿದ್ದರು. ಹಾಗಾಗಿ ಚಪ್ಪಟೆಯಾಗಿ ಕಂಡದ್ದು ಮುಚ್ಚಳ ಅಂದುಕೊಂಡು ಕೆರೆಯಬೇಡಿ, ಅದು ತಳವೂ ಇರಬಹುದು ಅಲ್ವಾ?

ಅಳತೆಗೆ ಪಕ್ಕದಲ್ಲಿ ಒಂದು ಪೆನ್ನಿಟ್ಟು ಫೋಟೊ ತೆಗೆಯಿರಿ. ಸುತ್ತಲಿನ ಜಾಗವೂ ಕಾಣುವ ಹಾಗೆ ಇನ್ನೊಂದು. ನೆಲದಿಂದ ಎಷ್ಟು ಆಳ ಅಂತ ಬರೆದಿಡಿ. ಬಿಸಿಲು ಬಿದ್ದು ಬೇಗ ಒಣಗಿದರೆ ಬಿರುಕು ಬಿಡುತ್ತದೆ, ನೆರಳು ಮಾಡಿ. ಅಲ್ಲಿಂದಲೇ ತೆಗೆದ ಸಡಿಲ ಮಣ್ಣನ್ನು ಮೆಲ್ಲಗೆ ಹೊದಿಸಿದರೆ ಇನ್ನೂ ಒಳ್ಳೆಯದು. ತೊಳೆಯುವುದು ಬೇಡವೇ ಬೇಡ.

ಯಂತ್ರಕ್ಕೆ ಸಿಕ್ಕಿ ಆಗಲೇ ಒಡೆದಿದ್ದರೆ ತೋಡಿ ಹಾಕಿದ ಮಣ್ಣಿನ ರಾಶಿಯನ್ನು ಸಾಗಿಸಬೇಡಿ, ಮಣಿಗಳು ಅದರಲ್ಲೇ ಇರುತ್ತವೆ.

ಆಮೇಲೆ ಪುರಾತತ್ವ ಇಲಾಖೆಗೆ ಫೋನ್ ಮಾಡಿ. ಮನುಷ್ಯರ ಮೂಳೆ ಅನಿಸಿದರೆ ಪೊಲೀಸರಿಗೂ ತಿಳಿಸಿ. ಬಂದವರು ಮಡಕೆಗೆ ಬ್ಯಾಂಡೇಜ್ ಸುತ್ತಿ, ಅಡಿಗೆ ಹಲಗೆ ತೂರಿಸಿ, ಸುತ್ತಲಿನ ಮಣ್ಣಿನ ಸಮೇತ ಎತ್ತುತ್ತಾರೆ. ಅವರು ಬರುವವರೆಗೆ ಯಾರಾದರೂ ಒಬ್ಬರು ಪಕ್ಕದಲ್ಲೇ ಇರಿ. ಒಳಗಿರುವುದು ಯಾರದೋ ಮನೆಯವರ ಅಸ್ಥಿ.