ವಿಡಿಯೋ ಗೇಮ್ ಪ್ರಕಾರಗಳ ಹೆಸರನ್ನು ಬಿಡಿಸಿ ನೋಡುವ ಬಗೆ

ಕಾಳಿ ನದಿಯ ಅಳಿವೆಯಲ್ಲಿ ಮೀನುಗಾರಿಕೆ ದೋಣಿಯೊಂದು ಓಡಾಡುವ ಆಟವನ್ನು ಕಾರವಾರದ ತರುಣರು ತಯಾರಿಸಿದ್ದಾರೆ ಎಂದಿಟ್ಟುಕೊಳ್ಳಿ. ಕಡಲು, ದೋಣಿ, ಬಂದರು ಇವೆಲ್ಲ ಕಂಡರೂ ಅದು ಯಾವ ಪ್ರಕಾರದ ಆಟವೆಂಬುದು ತಿಳಿಯುವುದಿಲ್ಲ. ಆದ್ದರಿಂದ ಮೊದಲು ಆಡುವವರು ಮಾಡುವ ಕೆಲಸವನ್ನು ಗಮನಿಸಿ. ಬೇರೆ ದೋಣಿಗಳನ್ನು ಹಿಂದಿಕ್ಕಿ ದಡ ಸೇರಬೇಕಾದರೆ ಅದು ರೇಸಿಂಗ್. ಡೀಸೆಲ್, ಮಂಜುಗಡ್ಡೆ, ಕೂಲಿಗಳ ಲೆಕ್ಕ ನೋಡಿಕೊಂಡು ದೋಣಿಯ ವ್ಯವಹಾರ ನಡೆಸಬೇಕಾದರೆ ಸಿಮ್ಯುಲೇಷನ್.

ಆಮೇಲೆ ಹೆಸರು ಹುಟ್ಟಿದ ಮೂಲವನ್ನು ಹುಡುಕಿ. ಯಕ್ಷಗಾನದಲ್ಲಿ ಬಡಗು, ತೆಂಕು ಎಂಬ ಹೆಸರುಗಳು ದಿಕ್ಕಿನಿಂದ ಬಂದಿದ್ದರೆ, ಕೆರೆಮನೆ ಶೈಲಿ, ಕರ್ಕಿ ಶೈಲಿ ಎಂಬವು ಅದನ್ನು ಬೆಳೆಸಿದವರ ನೆಲೆಯಿಂದ ಬಂದಿವೆ. ಆಟಗಳಲ್ಲಿಯೂ ಹೀಗೆ ಒಂದಕ್ಕಿಂತ ಹೆಚ್ಚು ದಾರಿಗಳಿವೆ. ಗುಂಡು ಹಾರಿಸುವ ಶೂಟರ್, ಹಲಗೆಯಿಂದ ಹಲಗೆಗೆ ಜಿಗಿಯುವ ಪ್ಲಾಟ್‌ಫಾರ್ಮರ್ ಎಂಬವು ನೇರವಾದ ಹೆಸರುಗಳಾದ್ದರಿಂದ ಅವುಗಳಿಗೆ ಹೆಚ್ಚಿನ ವಿವರಣೆ ಬೇಕಿಲ್ಲ.

ಮೂಲ ಆಟದ ಹೆಸರನ್ನೇ ಹೊತ್ತ ಪ್ರಕಾರಗಳತ್ತ ಹೆಚ್ಚು ಗಮನ ಕೊಡಿ. 1993ರಲ್ಲಿ ಡೂಮ್ ಬಂದ ಮೇಲೆ ಅದರಂತೆಯೇ ಇದ್ದ ಆಟಗಳನ್ನು ಕೆಲವು ವರ್ಷ 'ಡೂಮ್ ಕ್ಲೋನ್' ಎಂದೇ ಕರೆಯುತ್ತಿದ್ದರು. ಆ ಬಗೆಯ ಆಟಗಳು ಬೆಳೆದು ತಮ್ಮದೇ ರೂಪ ಪಡೆದಂತೆ, ಪಾತ್ರದ ಕಣ್ಣಿನಿಂದಲೇ ಜಗತ್ತನ್ನು ತೋರಿಸುವ ಗುಣವನ್ನು ಸೂಚಿಸುವ 'ಫಸ್ಟ್ ಪರ್ಸನ್ ಶೂಟರ್' ಎಂಬ ಹೆಸರು ನೆಲೆಯಾಯಿತು. ಆದರೆ 1980ರ ರೋಗ್ ಆಟದ ಹೆಸರು 'ರೋಗ್‌ಲೈಕ್' ಎಂಬ ಪದದಲ್ಲಿ ಇಂದಿಗೂ ಉಳಿದಿದೆ. ಪ್ರತಿ ಸಲ ಹೊಸದಾಗಿ ರಚನೆಯಾಗುವ ನೆಲಮಾಳಿಗೆ, ಸತ್ತರೆ ಮೊದಲಿನಿಂದಲೇ ಆರಂಭ ಎಂಬ ಗುಣಗಳನ್ನೆಲ್ಲ ಅಡಕವಾಗಿ ಹೇಳುವ ಬೇರೆ ಪದ ಸಿಗದಿದ್ದುದೇ ಇದಕ್ಕೆ ಕಾರಣವೆಂದು ನನ್ನ ಅಭಿಪ್ರಾಯ. ಮೆಟ್ರಾಯ್ಡ್ ಮತ್ತು ಕ್ಯಾಸಲ್ವೇನಿಯಾ ಎಂಬ ಎರಡು ಆಟಗಳ ಹೆಸರುಗಳನ್ನು ಬೆಸೆದ 'ಮೆಟ್ರಾಯ್ಡ್‌ವೇನಿಯಾ' ಕೂಡ ಇದೇ ಬಗೆಯದು. ಹೊಸ ಸಾಮರ್ಥ್ಯ ದೊರೆತಾಗ, ಹಿಂದೆ ದಾಟಲಾಗದ ದಾರಿಗಳು ತೆರೆದುಕೊಳ್ಳುವುದು ಅದರ ಲಕ್ಷಣ.

ಹೊರಗಿನಿಂದ ಬಂದ ಹೆಸರುಗಳೂ ಇವೆ. ಶಿರಸಿಯ ಶಾಲಾ ಮಕ್ಕಳಿಗೂ ಗೊತ್ತಿರುವ 'ಬ್ಯಾಟಲ್ ರಾಯಲ್' ಎಂಬುದು, ಕೊನೆಯವರೆಗೆ ಒಬ್ಬನೇ ಉಳಿಯುವ ಕಥೆಯಿರುವ 2000ದ ಜಪಾನಿ ಚಲನಚಿತ್ರದ ಹೆಸರಿನಿಂದ ಬಂದಿದೆ. ಅನ್ವೇಷಣೆ, ವಿಸ್ತರಣೆ, ಸಂಪನ್ಮೂಲಗಳ ಬಳಕೆ, ಶತ್ರುನಾಶ ಎಂಬ, ಇಂಗ್ಲಿಷಿನಲ್ಲಿ 'ಎಕ್ಸ್' ಎಂಬ ಉಚ್ಚಾರದಿಂದ ಆರಂಭವಾಗುವ ನಾಲ್ಕು ಕೆಲಸಗಳನ್ನು ಸೂಚಿಸುವ 'ಫೋರ್ ಎಕ್ಸ್' ಎಂಬುದನ್ನು 1993ರಲ್ಲಿ ವಿಮರ್ಶಕ ಅಲನ್ ಎಮ್ರಿಚ್ ಬಳಕೆಗೆ ತಂದರು.

'ರೋಲ್ ಪ್ಲೇಯಿಂಗ್' (ರೋಲ್ ಪ್ಲೇಯಿಂಗ್ ಗೇಮ್, ಚಿಕ್ಕದಾಗಿ ಆರ್‌ಪಿಜಿ) ಎಂಬ ಹೆಸರಿನ ವಿಷಯದಲ್ಲಿ ಎಚ್ಚರವಿರಲಿ. ಬಹುಪಾಲು ಆಟಗಳಲ್ಲಿ ನಾವು ಯಾವುದೋ ಪಾತ್ರವನ್ನು ವಹಿಸುತ್ತೇವೆ. ಆದರೆ ಈ ಹೆಸರು 1974ರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಂತಹ, ಮೇಜಿನ ಸುತ್ತ ಕುಳಿತು ಆಡುವ ಆಟಗಳಿಂದ ಬಂದದ್ದರಿಂದ, ಅನುಭವದ ಅಂಕಗಳು ಮತ್ತು ಹಂತ ಹಂತವಾಗಿ ಬಲಗೊಳ್ಳುವ ಪಾತ್ರ ಇವೆಯೇ ಎಂದು ಪರೀಕ್ಷಿಸಬೇಕು.

ಜೋಡಿ ಹೆಸರು ಬಂದಾಗ ಸಾಮಾನ್ಯವಾಗಿ ಕೊನೆಯ ಪದವನ್ನು ಮೂಲವೆಂದೂ ಮೊದಲಿನದನ್ನು ವಿಶೇಷಣವೆಂದೂ ಓದಿಕೊಳ್ಳಿ: 'ಆಕ್ಷನ್ ಆರ್‌ಪಿಜಿ' ಎಂದರೆ ಪಾತ್ರವನ್ನು ಬೆಳೆಸುವ ಆಟವೇ, ಆದರೆ ಅದರ ಕಾಳಗವು ಸರದಿಯಂತೆ ನಡೆಯದೆ ಆಡುವವರ ಕೈಚಳಕವನ್ನು ಅವಲಂಬಿಸಿರುತ್ತದೆ.